ಅಂಚಿನಲ್ಲಿದ್ದ ಕೈ

ಅಭ್ಯಾಸಬಲದಿಂದ ವಿಭಾ ಹಿಂದೆ ಹಿಂದೆ ಸರಿದು ಬೆನ್ನನ್ನು ಕಪಾಟಿಗೆ ಒತ್ತಿಕೊಂಡು ನಿಂತಳು. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದವಳು ಮತ್ತೆ ಕೆಳಗಿಳಿಸಿದಳು. ಬರಿಗಣ್ಣಿನಲ್ಲಿ ಕೋಣೆಯನ್ನೊಮ್ಮೆ ನೋಡಿಕೊಂಡು ಪುನಃ ಕಣ್ಣಿಗಿಟ್ಟಳು. ಇಡೀ ಕೋಣೆ ಚೌಕಟ್ಟಿನೊಳಗೆ ಬಂದಿತ್ತು. ಮಂಚದ ಮೇಲೆ ಅಂಗೈ ಚಾಚಿ ಕುಳಿತ ಮದುಮಗಳು ಸುಮಯ್ಯಾ, ಆ ಅಂಗೈಗೆ ಮೆಹಂದಿ ಬಿಡಿಸುತ್ತಿದ್ದ ಅವಳ ಅಕ್ಕ ರಾಶಿದಾ, ಸುತ್ತ ಕುಳಿತು ನಿದ್ದೆಗಣ್ಣಿನಲ್ಲೇ ಹಾಡುತ್ತಿದ್ದ ಹೆಂಗಸರು, ಮಲ್ಲಿಗೆ ಮೊಗ್ಗಿನ ಬುಟ್ಟಿ, ಹಸಿರು ಗಾಜಿನ ಕಿಟಕಿ, ಕೊನೆಗೆ ಬಾಗಿಲಲ್ಲಿ ಗಾಳಿಗೆ ಉಬ್ಬಿ ಇಳಿಯುತ್ತಿದ್ದ ಪರದೆ ಕೂಡ.

"ಎಂತ ಅಕ್ಕಾ, ಒಬ್ಬರೇ ನಗ್ತಾ ಇದ್ದೀರಿ?" ಎಂದಳು ಸುಮಯ್ಯಾ.

"ನಿಮ್ಮ ಕೋಣೆ ಇವತ್ತು ದೊಡ್ಡದಾಗಿದೆ."

ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ಮದುವೆಯೆಂದರೆ ಹೆಂಗಸರ ಕಡೆಯ ಫೋಟೋಕ್ಕೆ ಕುಮಟಾದಿಂದ ವಿಭಾ ಬರಬೇಕು. ಒಳಮನೆಗೆ ಗಂಡಸರು ಕ್ಯಾಮೆರಾ ಹಿಡಿದು ಬರುವಂತಿಲ್ಲವಲ್ಲ. ಮೊದಲ ಮದುವೆಯಲ್ಲೇ ಒಂದು ಮಾತಾಗಿತ್ತು: ಕೆಲಸ ಮುಗಿದ ಮೇಲೆ ಕ್ಯಾಮೆರಾದ ಮೆಮೊರಿ ಕಾರ್ಡು ಮನೆಯವರ ಕೈಗೆ, ಒಂದು ಚಿತ್ರವೂ ಅವಳ ಬಳಿ ಉಳಿಯಬಾರದು. ಆಲ್ಬಮ್ಮಿನ ಕೆಲಸವನ್ನೂ ಅದೇ ಮನೆಯಲ್ಲಿ ಕುಳಿತು ಮುಗಿಸಿಕೊಡಬೇಕು. ವಿಭಾಳಿಗೆ ಇದರಲ್ಲಿ ತಕರಾರೇನೂ ಇರಲಿಲ್ಲ. ಆದರೆ ಊರಿನ ಉಳಿದ ಫೋಟೋಗ್ರಾಫರುಗಳು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದುದನ್ನು ನೋಡುವಾಗ, ತನ್ನ ಅತ್ಯುತ್ತಮ ಚಿತ್ರಗಳೆಲ್ಲ ಭಟ್ಕಳದ ಕಪಾಟುಗಳಲ್ಲಿ ಮಲಗಿವೆ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಅವಳ ಸ್ವಂತ ಕ್ಯಾಮೆರಾ ಹಳೆಯದು. ಫೋಟೋದವರು ಕ್ರಾಪ್ ಎನ್ನುವ ಚಿಕ್ಕ ಸೆನ್ಸರಿನದು. ಎಂಥ ಒಳ್ಳೆಯ ಲೆನ್ಸ್ ಹಾಕಿದರೂ ಸುತ್ತಲಿನ ಅಂಚನ್ನು ಕತ್ತರಿಸಿ ನಡುವಿನದನ್ನಷ್ಟೇ ಇಟ್ಟುಕೊಳ್ಳುತ್ತದೆ. ಅಗಲಕ್ಕೆ ಕಾಣುವ ಬೇರೊಂದು ಲೆನ್ಸ್ ಇತ್ತು, ಅದಕ್ಕೆ ಈ ಮಬ್ಬು ಕೋಣೆಗಳ ಬೆಳಕು ಸಾಲುತ್ತಿರಲಿಲ್ಲ. ಈ ಮನೆಯಲ್ಲಂತೂ ಫ್ಲ್ಯಾಶ್ ಹಾಕುವ ಹಾಗಿಲ್ಲ. ಮದುಮಗಳ ಅಜ್ಜಿ ಹಾಜಿರಾಗೆ ಕಣ್ಣಿನ ಆಪರೇಷನ್ ಆದಾಗಿನಿಂದ ಆ ಬೆಳಕು ಚುಚ್ಚುತ್ತದೆ. ಹೀಗೆ ಅಂಚು ಕತ್ತರಿಸದ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ತೆಗೆದುಕೊಳ್ಳಬೇಕೆಂದು ವಿಭಾ ಅಂದುಕೊಂಡು ಎಷ್ಟೋ ಸೀಸನ್ ಕಳೆದಿತ್ತು. ಮಳೆಗಾಲ ಮುಗಿಯಲಿ ಎಂದು ಒಮ್ಮೆ, ಇನ್ನೊಂದು ಮಾಡೆಲ್ ಬರುವುದಂತೆ ಎಂದು ಒಮ್ಮೆ.

ನಿನ್ನೆ ಹೊನ್ನಾವರದ ಸ್ಟುಡಿಯೋದಲ್ಲಿ ಮಧುಸೂದನ ಭಾವ ತನ್ನ ಫುಲ್ ಫ್ರೇಮನ್ನು ಅವಳ ಮುಂದಿಟ್ಟು, "ಒಂದು ದಿನ ತಗಂಡು ಹೋಗು. ನಿನ್ನ ಅದೇ ಲೆನ್ಸು ಹಾಕಿ ನೋಡು, ಆಮೇಲೆ ಮಾತಾಡನ," ಎಂದಿದ್ದ.

"ತೆಗೆದದ್ದು ಯಾರಿಗೂ ತೋರ್ಸಲೆ ಆಗ್ತಿಲ್ಲೆ ಭಾವಾ. ಅದಕ್ಕೆ ಇಷ್ಟು ದೊಡ್ಡ ಕ್ಯಾಮೆರಾ ಎಂತಕ್ಕೆ?"

"ಈಗ ಎಲ್ಲರ ಹತ್ರನೂ ಇದ್ದು ಮಾರಾಯ್ತಿ."

ಆ ಉತ್ತರ ಅವಳಿಗೆ ಸಾಲಲಿಲ್ಲ. ಆದರೂ ತಂದಿದ್ದಳು.

ಮಧ್ಯಾಹ್ನ ಏರುತ್ತಿದ್ದಂತೆ ಮನೆ ತೂಕಡಿಸತೊಡಗಿತು. ಅತ್ತರು, ಹಸಿ ಮೆಹಂದಿ, ಅರಳಲು ಕಾದ ಮಲ್ಲಿಗೆ, ಎಲ್ಲದರ ವಾಸನೆ ಕಲೆತು ಕೋಣೆಯಲ್ಲಿ ನಿಂತುಬಿಟ್ಟಿತ್ತು. ಕಿಟಕಿಯ ಹಸಿರು ಬೆಳಕು ನೆಲದ ಮೇಲೆ ನಿಧಾನ ಜರುಗುತ್ತ ಮಲಗಿದ್ದವರ ಪಾದಗಳನ್ನು ದಾಟಿತು. ಹಾಡಿನ ಮಾತುಗಳು ವಿಭಾಳಿಗೆ ಅರ್ಧ ತಿಳಿಯುತ್ತಿದ್ದವು, ಕೊಂಕಣಿಗೆ ಹತ್ತಿರದವು. ಉಳಿದರ್ಧ ತಿಳಿಯದೆಯೇ ಚೆಂದವಾಗಿದ್ದವು. ನೀರಿನೊಳಗೆ ಓಡಾಡುವವಳಂತೆ ಸದ್ದಿಲ್ಲದೆ ಓಡಾಡುತ್ತ ಅವಳು ಚಿತ್ರ ತೆಗೆದಳು.

ಚಹಾದ ಹೊತ್ತಿಗೆ ಎಲ್ಲರೂ ಎದ್ದು, ವಿಭಾ ಕಾರ್ಡು ಸಿಕ್ಕಿಸಿದ ಮನೆಯವರ ಲ್ಯಾಪ್‌ಟಾಪಿನ ಸುತ್ತ ಸೇರಿದರು. "ಯಾ ಅಲ್ಲಾ, ನನ್ನ ಗೊರಕೆಯೂ ಕಾಣ್ತದೆ ಇದರಲ್ಲಿ!" ಎಂದು ಯಾರೋ ನಕ್ಕರು. ರಾಶಿದಾಗೆ ಹೊಟ್ಟೆಕಿಚ್ಚಾಯಿತು. "ನನ್ನ ಮದುವೆಗೆ ಇದನ್ನು ಯಾಕೆ ತರಲಿಲ್ಲ ನೀವು?" ಎಂದು ಹುಸಿಮುನಿಸಿನಿಂದ ಕಪಾಟು ತೆಗೆದು ತನ್ನ ಮದುವೆಯ ಆಲ್ಬಮ್ ತಂದು ಪಕ್ಕಕ್ಕಿಟ್ಟಳು. ಅದೂ ವಿಭಾಳೇ ತೆಗೆದದ್ದು, ಇದೇ ಕೋಣೆಯಲ್ಲಿ. ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಹಳೆಯ ಚಿತ್ರಗಳ ನೆರಳಿನಲ್ಲೆಲ್ಲ ಸಣ್ಣ ರವೆ ಚೆಲ್ಲಿದಂತೆ ಕಾಳು ಕಾಳು.

ಅಷ್ಟರವರೆಗೆ ಗೋಡೆಗೊರಗಿ ಸುಮ್ಮನಿದ್ದ ಹಾಜಿರಾ ಅಜ್ಜಿ ಕೈ ಚಾಚಿದರು. ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು, ಹುಡುಕುವ ಅಗತ್ಯವೇ ಇಲ್ಲದಂತೆ ಒಂದು ಪುಟ ತೆರೆದರು. ಮಂಚದ ಮೇಲೆ ರಾಶಿದಾ, ಸುತ್ತ ಗೆಳತಿಯರು. ಎಡ ಅಂಚಿನಲ್ಲಿ ಒಂದು ಕೈ ಮಾತ್ರ. ಮೊಣಕೈಯಿಂದ ಬೆರಳಿನವರೆಗೆ, ಎರಡು ಚಿನ್ನದ ಬಳೆ. ಉಳಿದದ್ದು ಕತ್ತರಿಸಿಹೋಗಿತ್ತು.

"ಇದು ಖೈರೂದು," ಎಂದರು ಅಜ್ಜಿ. "ನನ್ನ ತಂಗಿ. ಹೋದ ವರ್ಷ ಹೋದಳು."

ಅಜ್ಜಿ ಚಿತ್ರದ ಬಳೆಗಳ ಮೇಲೆ ಬೆರಳಾಡಿಸಿದರು.

"ಫೋಟೋ ಅಂದ್ರೆ ಓಡಿಹೋಗ್ತಿದ್ದಳು. ಆಧಾರ್ ಕಾರ್ಡಿಂದು ಒಂದಿದೆ, ಅದರಲ್ಲಿ ಅವಳು ಅವಳ ಹಾಗೇ ಇಲ್ಲ. ಇದರಲ್ಲಿ ಇದ್ದಾಳೆ ನೋಡು. ಬೆರಳು ಹೀಗೇ ಮಡಿಸಿ ಕೂರೋದು ಅವಳು."

ವಿಭಾ ಬಗ್ಗಿ ನೋಡಿದಳು. ಅವಳ ಕಸುಬಿನಲ್ಲಿ ಇಂಥ ಕೈ ಒಂದು ಕಸ. ಆಲ್ಬಮ್ ಮಾಡುವಾಗ ಅಳಿಸಿಬಿಡುತ್ತಾರೆ. ಇದನ್ನು ಯಾಕೆ ಅಳಿಸದೆ ಬಿಟ್ಟಿದ್ದಳೋ ಅವಳಿಗೇ ನೆನಪಾಗಲಿಲ್ಲ. ಆದರೆ ಅಂದು ಕಪಾಟಿಗೆ ಬೆನ್ನು ತಾಗಿಸಿ, ಇನ್ನೊಂದು ಗೇಣು ಹಿಂದೆ ಹೋಗಲು ಜಾಗವಿದ್ದಿದ್ದರೆ ಎಂದುಕೊಂಡದ್ದು ಮಾತ್ರ ಚೆನ್ನಾಗಿ ನೆನಪಿತ್ತು.

"ಮಗಾ," ಎಂದರು ಅಜ್ಜಿ, ಕಣ್ಣೆತ್ತದೆ. "ಇವತ್ತು ತಂದದ್ದು ಅವತ್ತು ಇದ್ದಿದ್ರೆ ಅವಳು ಪೂರಾ ಬರ್ತಿದ್ದಳಾ?"

ಎಲ್ಲರೂ ವಿಭಾಳ ಮುಖ ನೋಡಿದರು. ಹೇಳಬಹುದಾದ ಸಮಾಧಾನದ ಮಾತುಗಳು ಹಲವು ಅವಳ ನಾಲಿಗೆಗೆ ಬಂದು ಹೋದವು.

"ಬರ್ತಿದ್ದರು," ಎಂದಳು.

ಅಜ್ಜಿ ತಲೆಯಾಡಿಸಿದರು. ಆಲ್ಬಮ್ಮನ್ನು ಮುಚ್ಚಿ ರಾಶಿದಾಳ ಕೈಗೆ ಕೊಟ್ಟರು. ಮುಸುಕನ್ನು ಸರಿಮಾಡಿಕೊಂಡು, "ಆತು. ನನ್ನನ್ನ ಈಗ ತೆಗಿ," ಎಂದರು.

"ಬನ್ನಿ, ಮಂಚದ ನಡುವೆ ಕೂತ್ಕೊಳ್ಳಿ," ಎಂದು ಸುಮಯ್ಯಾ ಜಾಗ ಬಿಟ್ಟಳು.

"ನಡುವೆ ಬೇಡ. ಖೈರೂ ಕೂರ್ತಿದ್ದಲ್ಲೇ ಕೂರ್ತೇನೆ. ನೀವೆಲ್ಲ ನಿಮ್ಮ ನಿಮ್ಮ ಜಾಗದಲ್ಲಿರಿ. ಹಾಡಿ."

ಹಾಡು ಮೊದಲು ತಡವರಿಸಿತು, ಆಮೇಲೆ ತಾನಾಗಿ ದಾರಿ ಹಿಡಿಯಿತು. ಅಜ್ಜಿ ಎಡಮೂಲೆಯಲ್ಲಿ ಗೋಡೆಗೆ ಒರಗಿ ಕುಳಿತರು. ವಿಭಾ ಕಾಯುತ್ತ ನಿಂತಳು. ಅಜ್ಜಿ ಕ್ಯಾಮೆರಾವನ್ನು ಮರೆಯುವವರೆಗೆ, ಅವರ ತುಟಿ ಹಾಡಿನೊಂದಿಗೆ ಅಲುಗುವವರೆಗೆ ಕಾದು, ಒತ್ತಿದಳು. ಕ್ಯಾಮೆರಾದ ಪರದೆಯಲ್ಲಿ ಅದನ್ನು ಎರಡೆರಡು ಬಾರಿ ನೋಡಿಕೊಂಡಳು. ಇಂಥ ಚಿತ್ರ ಅವಳು ಇದುವರೆಗೆ ತೆಗೆದಿರಲಿಲ್ಲ. ಹೊರಡುವಾಗ ಕಾರ್ಡು ತೆಗೆದು ಸುಮಯ್ಯಾಳ ಕೈಗೆ ಹಾಕಿದಳು. ಮೆಹಂದಿ ಬಿರುಕುಬಿಟ್ಟ ಅಂಗೈ ಮೆಲ್ಲಗೆ ಮುಚ್ಚಿಕೊಂಡಿತು.

ಹೊನ್ನಾವರದಲ್ಲಿ ಮಧುಸೂದನ ಸ್ಟುಡಿಯೋದ ಮೆಟ್ಟಿಲಲ್ಲೇ ಕುಳಿತಿದ್ದ. "ಎಂತ ಆತು?"

"ಆನೂ ಇಂಥದ್ದೊಂದು ತಗಳವು ಭಾವಾ. ನಾಳೆನೇ ಹೇಳಿಬಿಡು ಅಂಗಡಿಯವಂಗೆ."

"ನಾಳೆನೇ? ಇಷ್ಟು ವರ್ಷ ಯೋಚನೆ ಮಾಡಿ?" ಅವನು ಉತ್ಸಾಹದಿಂದ ಎದ್ದ. "ಫೋಟೋ ಅಷ್ಟು ಚೊಲೊ ಬಂಜಾ? ತೋರ್ಸು ನೋಡನ."

"ತೋರ್ಸಲೆ ಇಲ್ಲೆ," ಎಂದು ವಿಭಾ ಖಾಲಿ ಕ್ಯಾಮೆರಾವನ್ನು ಅವನ ಕೈಗಿಟ್ಟಳು.

ಕುಮಟಾ ಬಸ್ಸಿನಲ್ಲಿ ಇಡಗುಂಜಿ ದೇವಸ್ಥಾನಕ್ಕೆ ಹೋಗಿ ಬಂದವರೇ ತುಂಬಿದ್ದರು. ಕಿಟಕಿಯ ಪಕ್ಕ ಅವಳಿಗೊಂದು ಸೀಟು ಸಿಕ್ಕಿತು. ಹಳದೀಪುರ ದಾಟುವಾಗ ಸಂಜೆಬಿಸಿಲು ಗದ್ದೆಗಳ ಮೇಲಿಂದ ಅಡ್ಡಡ್ಡ ಹರಿದು ಬಂದು ಬಸ್ಸಿನೊಳಗಿನ ಮುಖಗಳನ್ನೆಲ್ಲ ಬೆಳಗಿಸಿತು. ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕಿಯೊಬ್ಬಳು ಜೋಂಪು ಹತ್ತಿ, ವಾಲಿ ವಾಲಿ, ಕೊನೆಗೆ ವಿಭಾಳ ಹೆಗಲ ಮೇಲೆ ತಲೆಯಿಟ್ಟಳು. ವಿಭಾ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಕುಮಟಾ ಬರುವವರೆಗೂ ಆ ಹೆಗಲನ್ನು ಅಲುಗಿಸದೆ ಕುಳಿತಳು.