ಬಾಲದ ಮೇಲೊಂದು ಗಂಟು

ಗಂಟು ಕಂಡದ್ದು ಮಂಗಳವಾರ ಬೆಳಿಗ್ಗೆ. ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಅಂಗಡಿಯಿಂದ ಒಳಮನೆಗೆ ಬಂದಿದ್ದ. ಇಲ್ಲದಿದ್ದರೆ ಕಾಣುತ್ತಿರಲಿಲ್ಲ. ತೊಟ್ಟಿಯ ಏಳು ಗ್ಲಾಸ್ ಫಿಶ್‌ಗಳಲ್ಲಿ ಒಂದರ ಬಾಲದ ಅಂಚಿಗೆ ಸಾಸಿವೆಯಷ್ಟು ಬಿಳಿ ಗಂಟು, ಹೂಕೋಸಿನ ಚೂರಿನ ಹಾಗೆ. ಹೆಬ್ಬೆರಳುದ್ದದ ಮೀನು. ಹಿಂಬದಿ ಮುಚ್ಚಳ ತೆಗೆದ ಕೈಗಡಿಯಾರದಂತೆ ಒಳಗಿನ ಮುಳ್ಳೆಲ್ಲ ಕಾಣುತ್ತಿತ್ತು.

ಮೀನು ಮಗಳವು. ರಜೆಗೆ ಸೋದರತ್ತೆಯ ಮನೆಗೆ ಹೊರಟಾಗ ಬೆರಳು ಮಡಚಿ ಎಣಿಸಿದ್ದಳು. "ಏಳು ಬಿಟ್ಟು ಹೋಗ್ತಿದ್ದೀನಿ ಅಪ್ಪಾ, ಏಳೂ ಇರ್ಬೇಕು. ಏನಾದ್ರೂ ಆದ್ರೆ ನೀನು ರಿಪೇರಿ ಮಾಡೋಕೆ ಹೋಗ್ಬೇಡ." ಅವಳ ಹಾಡುವ ಗೊಂಬೆಯನ್ನು ಅವನು ಸರಿಮಾಡಿದ ಮೇಲೆ ಅದು ಮತ್ತೆ ಹಾಡಿರಲಿಲ್ಲ. ಶುಕ್ರವಾರ ವಾಪಸು ಬರುವವಳಿದ್ದಳು.

ಬುಧವಾರಕ್ಕೆ ಗಂಟು ಎರಡಾಯಿತು. ಅವನು ಸಣ್ಣ ಚಿಮಟ ತಂದ, ಇಟ್ಟ, ಮತ್ತೆ ತಂದ.

"ಅದು ಗಡಿಯಾರ ಅಲ್ಲ ಕಣ್ರೀ," ಎಂದಳು ಹೆಂಡತಿ. "ಚಿಮಟ ಇಲ್ಲಿ ಕೊಡಿ. ಡಾಕ್ಟ್ರಿಗೆ ಫೋನ್ ಮಾಡಿ."

ಪಶುವೈದ್ಯೆಯ ಫೋನಿನಲ್ಲಿ ನಾಯಿಯೊಂದು ಒಂದೇ ಸಮನೆ ಬೊಗಳುತ್ತಿತ್ತು. "ಅದು ವೈರಸ್ಸು. ಔಷಧ ಇಲ್ಲ, ಬಿಟ್ಬಿಡಿ," ಎಂದರು.

"ಬಿಟ್ಬಿಡ್ಲಾ?"

"ಹೂಂ, ಬಿಟ್ಬಿಡಿ."

ಗುರುವಾರ ಮಧ್ಯಾಹ್ನದವರೆಗೂ ಅವನಿಗೆ ಒಂದು ಸ್ಕ್ರೂ ಸರಿಯಾಗಿ ಕೂರಿಸಲಾಗಲಿಲ್ಲ. ಒಂದಕ್ಕಾಗಿ ಏಳನ್ನೂ ಕಳೆದುಕೊಳ್ಳುವುದಕ್ಕಿಂತ ಆರು ಉಳಿಯುವುದು ಮೇಲು. ಮೀನನ್ನು ಜಾಡಿಗೆ ತುಂಬಿಕೊಂಡು ಉದ್ಯಾನದ ಕೊಳಕ್ಕೆ ನಡೆದ. ದಂಡೆಯಲ್ಲಿ ಮಂಡಿಯೂರಿ ಮುಚ್ಚಳ ತಿರುಗಿಸಿದವನು ಅಲ್ಲಿಗೇ ನಿಲ್ಲಿಸಿದ. ಯಾವ ಕೆಲಸವನ್ನೂ ಅಂದಾಜಿನಲ್ಲಿ ಮಾಡಿ ಅಭ್ಯಾಸವಿರಲಿಲ್ಲ. ಮತ್ತೆ ಫೋನ್ ಮಾಡಿದ.

"ಎಲ್ಲಿ ಬಿಡ್ಲಿ ಡಾಕ್ಟ್ರೇ? ಬಿಸಿಲಲ್ಲಾ, ನೆರಳಲ್ಲಾ?"

"ಏನನ್ನ?"

"ಮೀನನ್ನ. ಕೊಳದ ಹತ್ರ ಇದ್ದೀನಿ."

"ರೀ ಸ್ವಾಮಿ, ಮೀನು ಬಿಡಿ ಅನ್ಲಿಲ್ಲ ನಾನು. ಗಂಟಿನ ಗೊಡವೆ ಬಿಡಿ ಅಂದೆ. ಅಲ್ಲಿ ಬಿಟ್ರೆ ಕೊಳದ ಮೀನಿಗೂ ಅಂಟ್ಕೊಳ್ಳುತ್ತೆ. ಮನೆಗೆ ಒಯ್ದು ಬೇರೆ ದೊಡ್ಡ ಪಾತ್ರೇಲಿಡಿ. ನೀರು ಚೊಕ್ಕಟವಾಗಿರ್ಲಿ, ಕೈ ಹಾಕ್ಬೇಡಿ. ವಾರಗಟ್ಟಲೆ ಆಗ್ಬಹುದು. ಸಾಮಾನ್ಯವಾಗಿ ತಾನೇ ಉದುರುತ್ತೆ."

"ಅಲ್ಲೀವರೆಗೆ ನಾನೇನು ಮಾಡ್ಲಿ?"

"ಗಡಿಯಾರ ನೋಡ್ತಾ ಕೂತಿರಿ. ನಿಮ್ಮ ಅಂಗಡೀಲಿ ಅದಕ್ಕೇನು ಬರ?"

ಶುಕ್ರವಾರ ಮಗಳು ಚಪ್ಪಲಿಯನ್ನೂ ಬಿಡದೆ ತೊಟ್ಟಿಯ ಮುಂದೆ ನಿಂತಳು. "ಆರು," ಎಂದಳು. ಧ್ವನಿ ಗಡುಸಾಗಿತ್ತು.

ಅವನು ಬಾಗಿಲಾಚೆ ಅಂಗಡಿಯ ರಿಪೇರಿ ಮೇಜಿನ ಮೇಲಿದ್ದ ಗಾಜಿನ ಬೋಗುಣಿಯನ್ನು ಗದ್ದದಿಂದಲೇ ತೋರಿಸಿದ. ಅವಳು ಅಲ್ಲಿಗೆ ಹೋಗಿ, ಬಗ್ಗಿ ಬಹಳ ಹೊತ್ತು ನೋಡಿದಳು. ಗಂಟು ಈಗ ಮೂರು.

"ಇದಕ್ಕೇನೋ ಆಗಿದೆ. ನೀನೇನು ಮಾಡ್ದೆ?"

"ಏನೂ ಮಾಡ್ಲಿಲ್ಲ."

"ನೀನಾ?"

"ಚಿಮಟ ಬುಧವಾರದಿಂದ ನನ್ನ ಹತ್ರ ಇದೆ," ಎಂದಳು ಹೆಂಡತಿ ಒಳಗಿನಿಂದ.

ಮಗಳು ಅಪ್ಪನ ಕೈ ನೋಡಿದಳು. ಎರಡನ್ನೂ ಅವನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದ.

"ಹಾಗೇ ಇಟ್ಕೊಂಡಿರು," ಎಂದು ಅವಳು ಮೀನಿನ ಕಡೆ ತಿರುಗಿದಳು. "ಏಳು."