ಎರಡೂ ಪಂಕಾ ಬಲಸುತ್ತು

ಆ ಭಾನುವಾರ ನಾನು ಬೈಲಹೊಂಗಲದ ಶೆಡ್ಡಿಗೆ ಹೋಗುವಷ್ಟರಲ್ಲಿ ವಿಮಾನ ಅಂಗಳಕ್ಕೆ ಬಂದಿತ್ತು. ಅಮೆರಿಕದಲ್ಲಿ ಸೈಕಲ್ ಅಂಗಡಿಯ ಅಣ್ಣತಮ್ಮಂದಿರಿಬ್ಬರು ಹಾರಿಸಿದ ಮೊಟ್ಟಮೊದಲ ವಿಮಾನ ಹೇಗಿತ್ತೋ ಹಾಗೆಯೇ ಕಟ್ಟಿದ್ದು. ರಾಮದುರ್ಗದ ಮಗ್ಗದ ಬಿಳಿ ಬಟ್ಟೆ, ಬಡಿಗ ಜಟ್ಟೆಪ್ಪ ಸೀಳಿ ಬಗ್ಗಿಸಿದ ಮರ, ಹಳೆಯ ಜೀಪಿನ ಇಂಜಿನ್ನು, ಮೋಟಾರ್ ಸೈಕಲ್ಲಿನ ಚೈನು; ಅಸಲಿಗೆ ಇಲ್ಲದ ಗಾಲಿ ಮಾತ್ರ ನಾವು ಸೇರಿಸಿದ್ದು. ರಜೆ ಸಿಕ್ಕಾಗಲೆಲ್ಲ ಬಂದು, ಯಾರೂ ಬಿಡಿಗಾಸು ತೆಗೆದುಕೊಳ್ಳದೆ ಕಟ್ಟಿದ್ದೆವು. ಬಟ್ಟೆ ಬಿಗಿಯುವುದು, ಇವರೆಲ್ಲ ಅಯ್ಯಾರ ಎಂದು ಕರೆಯುವ ನನ್ನ ಪಾಲಿನ ಕೆಲಸ.

ಹಾರಿಸುವ ಆಸೆ ನಮಗಿರಲಿಲ್ಲ. ನೆಲದ ಮೇಲೆ ತನ್ನ ಬಲದಿಂದ ತಾನು ಓಡಿದರೆ ಸಾಕು, ಆಮೇಲೆ ಅದೇ ಶೆಡ್ಡಿನಲ್ಲಿ ಮ್ಯೂಸಿಯಂ ಮಾಡಿ ಜನರಿಗೆ ತೋರಿಸುವ ಯೋಚನೆ. ಆದರೆ ಅಷ್ಟಾದರೂ ಅವತ್ತೇ ಆಗಬೇಕಿತ್ತು. ಶೆಡ್ಡು ಅರಳೆ ವ್ಯಾಪಾರದ ಗುರುಬಸವ್ವನವರದು, ಹೊಸ ಅರಳೆ ಬರುವ ಕಾಲ. ಅವರು ಕುರ್ಚಿ ಹಾಕಿಸಿಕೊಂಡು ಬೇವಿನ ನೆರಳಿಗೆ ಕುಳಿತಿದ್ದರು.

“ನೋಡ ರೇಣು, ನನ್ನ ಕಣ್ಣಮುಂದ ಓಡಿದ್ರ ಶೆಡ್ಡು ನಿಮ್ಮ ಮ್ಯೂಸಿಯಮ್ಮಿಗೆ. ಓಡಲಿಲ್ಲಂದ್ರ ನಾಳಿಂದ ಅಲ್ಲಿ ನನ್ನ ಅರಳಿ ಬೀಳತೈತಿ. ನಿನ್ನ ವಿಮಾನ ಬಿಚ್ಚಿ ಗಂಟು ಕಟ್ಟು.”

“ಓಡತೈತ್ರಿ ಅಮ್ಮಾರ,” ಎಂದಳು ರೇಣು. ಸವದತ್ತಿಯಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವ ಆಕೆಯೇ ಈ ಹುಚ್ಚನ್ನು ನಮಗೆಲ್ಲ ಹಚ್ಚಿದವಳು. ಬಾಯಲ್ಲಿ ಧೈರ್ಯವಿತ್ತು, ಕೈ ಮಾತ್ರ ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಳ್ಳುತ್ತಿತ್ತು.

ಆ ವಿಮಾನದಲ್ಲಿ ಚಾಲಕ ಬೋರಲು ಮಲಗಬೇಕು. ರೇಣು ಮಲಗಿದಳು. “ಮಕ್ಕೊಂಡು ಓಡಸೂ ಗಾಡಿ ಇವತ್ತ ನೋಡಿದೆ!” ಎಂದು ಗುರುಬಸವ್ವ ನಕ್ಕರು. ನಾನು ಬಲರೆಕ್ಕೆಯ ತುದಿ ಹಿಡಿದೆ. ಜಟ್ಟೆಪ್ಪ ರೆಕ್ಕೆಗಳ ಹಿಂದಿದ್ದ ಎರಡು ಮರದ ಪಂಕಾಗಳಲ್ಲಿ ಒಂದನ್ನು ಎಳೆದು ತಿರುವಿದ.

ಇಂಜಿನ್ನು ಕೆಮ್ಮಿತು, ತಡವರಿಸಿತು, ಹಿಡಿಯಿತು. ಮಠದಲ್ಲಿ ಪುರಾಣ ಓದುವವರು ಪದ್ಯದ ಕೊನೆಯ ಸಾಲಿಗೆ ದನಿ ಏರಿಸಿದಾಗ ಕುಳಿತವರ ಬೆನ್ನು ತಾನಾಗಿ ನೆಟ್ಟಗಾಗುತ್ತದಲ್ಲ, ಹಾಗಾಯಿತು ನನಗೆ. ಎರಡೂ ಪಂಕಾ ಕಣ್ಣಿಗೆ ಕಾಣದಂತೆ ತಿರುಗಿದವು. ಬಟ್ಟೆ ಪಟಪಟ ಎಂದಿತು. ಗಾಲಿ ಅಲುಗಿದವು.

ಅಲುಗಿ, ವಿಮಾನ ಮುಂದೆ ಹೋಗಲಿಲ್ಲ. ನಿಂತಲ್ಲೇ ಗರಗರ ತಿರುಗತೊಡಗಿತು! ಒಂದು ರೆಕ್ಕೆ ಮುಂದಕ್ಕೆ, ಒಂದು ಹಿಂದಕ್ಕೆ. ತುದಿ ಹಿಡಿದಿದ್ದ ನಾನು ಕಣದಲ್ಲಿ ಹಂತಿ ಕಟ್ಟಿದ ಎತ್ತಿನಂತೆ ಸುತ್ತು ಹೊಡೆದೆ.

“ಅಯ್ಯಾರ, ಬಿಡ್ರೀ!” ಎಂದು ಜಟ್ಟೆಪ್ಪ ಕೂಗಿದ. ರೇಣು ಇಂಜಿನ್ನು ಆರಿಸಿದಳು.

ಕೆಳಗಿಳಿದವಳೇ ಒಂದು ಪಂಕಾ ಸವರಿ ನೋಡಿದಳು, ಇನ್ನೊಂದನ್ನೂ ಸವರಿದಳು. “ಜಟ್ಟೆಪ್ಪ ಕಾಕಾ, ಎರಡೂ ಒಂದ ಥರಾ ಕೆತ್ತೀರಲ್ಲ?”

“ಹೌದ ತಂಗಿ. ನಕ್ಷೇದಾಗ ಎಡಗಡೇದು ಉಲ್ಟಾ ಛಾಪಿಸಿದ್ರು. ನಾ ತಿದ್ದಿ ಕೆತ್ತೇನಿ.”

“ಉಲ್ಟಾ ಅಲ್ಲ ಕಾಕಾ! ಒಂದು ಬಲಕ್ಕ, ಒಂದು ಎಡಕ್ಕ ತಿರುಗಬೇಕು. ಅದಕ್ಕ ಎಡಗಡೆ ಚೈನು ಅಡ್ಡ ದಾಟಿಸಿ ಹಾಕೇವಿ. ಈಗ ಒಂದು ಪಂಕಾ ಮುಂದಕ್ಕ ನೂಕತೈತಿ, ಒಂದು ಹಿಂದಕ್ಕ ಜಗ್ಗತೈತಿ.”

ಜಟ್ಟೆಪ್ಪನ ಮುಖ ಸಣ್ಣದಾಯಿತು. “ಗುಡಿ ಸುತ್ತಬೇಕಾದ್ರ ಬಲಕ್ಕ ಸುತ್ತತೇವಿ. ಬೀಸೂಕಲ್ಲೂ ಬಲಕ್ಕ. ಹೊಸಾ ವಸ್ತುವಿಗೆ ಎಡಸುತ್ತು ಯಾಕ ಕೊಡಬೇಕು ಅನಿಸ್ತವ್ವಾ.”

ಅವನೊಬ್ಬನನ್ನೇ ಬೈಯುವಂತಿರಲಿಲ್ಲ. ಎಡಗಡೆಯದನ್ನು ಅವನು ಕೂಡಿಸಿದ್ದು ಹಿಂದಿನ ಸಂಜೆ. ಅವಳಿಜವಳಿ ಮಕ್ಕಳಂತಿವೆ ಎಂದು ನಾವೇ ಹೊಗಳಿದ್ದೆವು.

“ಇನ್ನೊಂದು ಕೆತ್ತಾಕ ಎಷ್ಟು ದಿನಾ?” ಗುರುಬಸವ್ವ ಕುರ್ಚಿಯಿಂದಲೇ ಕೇಳಿದರು.

“ದೀಪಾವಳಿ ಆಗತೈತ್ರಿ,” ಎಂದ ಜಟ್ಟೆಪ್ಪ, ನೆಲ ನೋಡುತ್ತ.

“ಹಂಗಾದ್ರ ಮುಗೀತು.” ಅವರು ಎದ್ದೇ ಬಿಟ್ಟರು.

“ನಿಲ್ರಿ ಅಮ್ಮಾರ!” ರೇಣು ಆಗಲೇ ನಟ್ಟು ಬಿಚ್ಚುವ ಪಾನಾ ಹಿಡಿದು ಚೈನಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದಳು. “ಅಡ್ಡ ದಾಟಿಸಿದ ಚೈನು ನೆಟ್ಟಗ ಮಾಡತೇನಿ. ಎರಡೂ ಬಲಕ್ಕ ತಿರುಗಲಿ. ಆವಾಗ ಎರಡೂ ಮುಂದಕ್ಕ ನೂಕತಾವು.”

“ಅಮೆರಿಕದ್ದು ಹಂಗ ಇರಲಿಲ್ಲಲ್ಲವ್ವ?” ಎಂದೆ ನಾನು.

“ಇರಲಿಲ್ರಿ ಅಯ್ಯಾರ. ಅದು ಹಾರಬೇಕಿತ್ತು, ಎರಡೂ ಒಂದ ಕಡೆ ತಿರುಗಿದ್ರ ಗಾಳ್ಯಾಗ ವಾಲತೈತಿ. ನಮ್ಮದು ಅಂಗಳ ದಾಟಿದ್ರ ಸಾಕು.”

ನೆಟ್ಟಗಾದ ಮೇಲೆ ಉದ್ದ ಹೆಚ್ಚಾದ ಚೈನಿನ ಕೊಂಡಿ ಕಳಚಿ ಬಿಗಿ ಮಾಡುವಾಗ ಅವಳ ಬೆರಳು ತರಚಿತು. ನೋಡಿಕೊಳ್ಳಲಿಲ್ಲ. ಗುರುಬಸವ್ವ ಮತ್ತೆ ಕೂಡಲಿಲ್ಲ, ಹೋಗಲೂ ಇಲ್ಲ.

ಎರಡನೆಯ ಸಲ ಇಂಜಿನ್ನು ಒಂದೇ ಎಳೆತಕ್ಕೆ ಹಿಡಿಯಿತು. ನನ್ನ ಕೈಯೊಳಗೆ ರೆಕ್ಕೆ ನಡುಗಿತು, ಜಗ್ಗಿತು. ವಿಮಾನ ಹೊರಟಿತು! ನೆಟ್ಟಗೆ! ನಡೆದೆ, ಬೇಗ ನಡೆದೆ, ಓಡಿದೆ. ರುಮಾಲು ಬಿದ್ದುಹೋಯಿತು. ಎಷ್ಟೋ ವರ್ಷದಿಂದ ಓಡದ ಕಾಲು ಓಡಿದವು. ಹಿಂದೆ ಜಟ್ಟೆಪ್ಪ “ಹೋತ್! ಹೋತ್ ನೋಡ್ರೀ!” ಎಂದು ಕುಣಿಯುತ್ತಿದ್ದ. ಶಿವಶಿವಾ ಎನ್ನುತ್ತ ನಾನು ಕೈ ಬಿಟ್ಟೆ; ಬಿಟ್ಟ ಮೇಲೂ ಅದು ಓಡಿತು, ಅಂಗಳದ ಆಚೆ ತುದಿಯ ಗೋಡೆ ಹತ್ತಿರವಾಗುವವರೆಗೆ.

ರೇಣು ಇಂಜಿನ್ನು ಆರಿಸಿ ಎದ್ದು ಬಂದಳು, ಮುಖದ ತುಂಬ ಧೂಳು. ಗೆದ್ದವಳು ಸುಮ್ಮನಿರಬಹುದಿತ್ತು.

“ಓಡೇತ್ರಿ ಅಮ್ಮಾರ. ಆದ್ರ ಇದು ಅಸಲಿನಂಗ ಇಲ್ಲ. ನೋಡಾಕ ಬಂದವರಿಗೆ ಬೋರ್ಡಿನ ಮ್ಯಾಲ ಖರೇ ಬರದು ಹಾಕತೇವಿ. ಕಾಕಾ ಎಡಸುತ್ತಿಂದು ಕೆತ್ತಿಕೊಡೂತನಕ ಮ್ಯೂಸಿಯಂ ಪೂರಾ ಆತು ಅನ್ನಾಕ ಬರೂದಿಲ್ಲ.”

“ಕೆತ್ತತೇನಿ,” ಎಂದ ಜಟ್ಟೆಪ್ಪ. “ಗಾಳಿಗೆ ಎಡಾ ಬೇಕಂದ್ರ ಎಡಾನ.”

ಗುರುಬಸವ್ವ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಅವಸರ ಮಾಡಿ ಕೆಡಸಬ್ಯಾಡ. ಅರಳಿ ನಮ್ಮ ಪಡಸಾಲ್ಯಾಗ ಹಾಕಸ್ತೇನಿ. ಸೊಸಿ ಬೈತಾಳ, ಬೈಲಿ.” ಆಮೇಲೆ ಸೆರಗು ಎಳೆದು ಸೊಂಟಕ್ಕೆ ಸಿಗಿಸಿದರು. “ಅದನ್ನ ಹೊಳ್ಳಿಸಿ ನಿಂದರಸ್ರಿ. ಇನ್ನೊಮ್ಮಿ ಓಡಲಿ. ಗಂಗಯ್ಯಾರ, ಆಕಡೆ ಸರೀರಿ, ಈ ಸಲ ರೆಕ್ಕಿ ನಾ ಹಿಡೀತೇನಿ.”