ಮುದ್ರಿಸು ಎಂಬ ಮಾತು

ಆ ಪ್ರಾರ್ಥನಾ ಮಂಡಳಿಯ ಮುದ್ರಣಾಲಯದಲ್ಲಿ ಕರಡು ತಿದ್ದುವವಳು ಮಂಡಳಿಯ ಹಿರಿಯರ ಸೊಸೆ. ಅಕ್ಷರದ ವಿಷಯದಲ್ಲಿ ಅವಳ ಕಣ್ಣು ಬಲು ಚುರುಕು; ಮಾವನ ಎದುರು ಮಾತ್ರ ಬಾಯಿ ಬಿಚ್ಚಿದವಳಲ್ಲ. ಈಗ ಬಿಚ್ಚಲೇಬೇಕಾದ ಪ್ರಸಂಗ ಬಂದಿತ್ತು.

ಮಂಡಳಿ ನಿಂತದ್ದೇ ಬೈಬಲಿನ ಒಂದು ಪ್ರವಾದನೆಯ ಮೇಲೆ. ಅಂತ್ಯಕಾಲದವರೆಗೆ ಗ್ರಂಥವನ್ನು ಮುದ್ರಿಸು, ಅನೇಕರು ಅತ್ತಿತ್ತ ತಿರುಗುವರು ಎಂದು ಅವರ ಹಳೆಯ ಪ್ರತಿಯಲ್ಲಿತ್ತು. ದೇವರೇ ಪ್ರೆಸ್ ಹಾಕು ಎಂದಮೇಲೆ ಇನ್ನೇನು? ಮೂವತ್ತು ವರ್ಷದ ಹಿಂದೆ ಮಾವ ಮೇಷ್ಟ್ರ ಕೆಲಸ ಬಿಟ್ಟು ಯಂತ್ರ ತಂದರು. ಕೈಗೆ ಮಸಿ ಹತ್ತದ ಭಕ್ತನೇ ಅಲ್ಲಿರಲಿಲ್ಲ. ಈಗ ವಾಕ್ಯದ ಉಳಿದರ್ಧದ ಸರದಿ. ಬರುವ ಸೋಮವಾರ ಹನ್ನೆರಡು ಮಂದಿ ಮನೆ ಬಿಟ್ಟು, ಪುಸ್ತಕದ ಕಟ್ಟು ಹೊತ್ತು ಊರೂರು ತಿರುಗಲು ಹೊರಡುವವರಿದ್ದರು. ವಾಪಸ್ಸು ಯಾವಾಗ ಎಂದು ಯಾರೂ ಕೇಳುವಂತಿರಲಿಲ್ಲ. ಅವರಲ್ಲಿ ಅವಳ ಗಂಡನೂ ಒಬ್ಬ. ಅವಳಿಗೆ ಆಗ ಏಳು ತಿಂಗಳು.

ಆ ಪ್ರವಾದನೆಯ ಗ್ರಂಥದ ಹೊಸ ಮುದ್ರಣದ ಕೊನೆಯ ಕರಡನ್ನು ಬೈಬಲಿನ ಇನ್ನೊಂದು ಅನುವಾದದ ಜೊತೆ ಹೋಲಿಸುವಾಗ ಅವಳ ಪೆನ್ಸಿಲ್ ನಿಂತಿತು. ಅಲ್ಲಿ 'ಮುದ್ರೆ ಹಾಕು' ಎಂದಿತ್ತು. ಅಂದರೆ ಮುಚ್ಚಿ ಮೊಹರು ಒತ್ತು ಎಂದು; ಹಳೆಯ ಪ್ರತಿಯ 'ಮುದ್ರಿಸು' ಎಂಬುದಕ್ಕೂ ಅದೇ ಅರ್ಥ. ಪ್ರವಾದಿಗೆ ಬಚ್ಚಿಡಲು ಹೇಳಿದ್ದನ್ನು ಇವರು ಈವರೆಗೆ ಇಪ್ಪತ್ತು ಸಾವಿರ ಪ್ರತಿ ಅಚ್ಚು ಹಾಕಿ ಕೂತಿದ್ದರು. ಆ ಕಾಲದಲ್ಲಿ ಅಚ್ಚಿನ ಯಂತ್ರವೆಲ್ಲಿತ್ತು ಎಂದು ಒಬ್ಬರಿಗೂ ಹೊಳೆದಿರಲಿಲ್ಲ, ಅವಳಿಗೂ. ಮೊದಲು ನಗು ಬಂತು, ಹಿಂದೆಯೇ ಸೋಮವಾರ ನೆನಪಾಯಿತು.

ಎರಡೂ ಪುಸ್ತಕ ಹಿಡಿದು ಮಾವನ ಮೇಜಿನ ಮುಂದೆ ನಿಂತಳು. ಮಾವ ಓದಿದರು, ಮತ್ತೆ ಓದಿದರು, ಮೂರನೆಯ ಅನುವಾದ ತರಿಸಿ ಅದನ್ನೂ ಓದಿದರು. ಬೈಗುಳಕ್ಕೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಯಂತ್ರ ನಿಲ್ಲಿಸಿ ಎಲ್ಲರನ್ನೂ ಕರೆ ಎಂದರು, ಅಷ್ಟೇ.

"ಮೂವತ್ತು ವರ್ಷ ನಾನು ತಪ್ಪು ಓದಿದೀನಿ," ಎಂದರು ಎಲ್ಲರ ಮುಂದೆ. "ದೇವರು ಹೇಳದೇ ಇದ್ದಿದ್ದನ್ನ ದೇವರ ಹೆಸರಲ್ಲಿ ಹೇಳಿದೀನಿ. ಸೋಮವಾರ ಯಾರೂ ಹೋಗಬೇಡಿ. ತಪ್ಪು ಹಿಡಿದವಳು ನನ್ನ ಸೊಸೆ."

ಇಡೀ ಆಯುಷ್ಯವನ್ನು ಒಂದು ಪದಕ್ಕೆ ಕೊಟ್ಟ ಮನುಷ್ಯ ಅದನ್ನು ನಿಂತ ನಿಲುವಿನಲ್ಲೇ ಬಿಟ್ಟುಕೊಟ್ಟಿದ್ದ. ಮಾವನನ್ನು ಕಂಡರೆ ಅವಳಿಗೆ ಇದ್ದದ್ದು ಹೆದರಿಕೆ. ಆ ದಿನ ಮೊದಲ ಸಲ ಹೆಮ್ಮೆಯಾಯಿತು. ಗಂಡ ಗುಂಪಿನಿಂದ ಹೊರಬಂದು ಅವಳ ಪಕ್ಕ ನಿಂತ.

ಹಾಗಾದರೆ ಅತ್ತಿತ್ತ ತಿರುಗುವುದು ಎಂದರೇನು ಎಂದು ಹಿಂದಿನಿಂದ ಯಾರೋ ಕೇಳಿದರು. ಮಾವ ತಮ್ಮ ಕುರ್ಚಿಯನ್ನು ಅವಳ ಕಡೆ ಎಳೆದರು.

"ನನಗೆ ಗೊತ್ತಿಲ್ಲ. ನೀನು ಕೂತ್ಕೊಂಡು ಓದಮ್ಮ, ನಾವು ಕೇಳ್ತೀವಿ."